ಎಳ್ಳಮಾಸಿಗೆ ಬಂದವರು



ಇವತ್ತಿನ ಮಾತು ಒಂದು ಬಗೆಯ ಕಾದಂಬರಿಯ ಬಗ್ಗೆ. ಅದರ ಕಥೆ ಹೀಗಿರುತ್ತದೆ. ಒಬ್ಬ ಹುಡುಗ, ಒಬ್ಬ ಹುಡುಗಿ. ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಏನೋ ಕಾರಣಕ್ಕೆ ಅದು ಮುರಿದುಬಿತ್ತು. ವರ್ಷಗಳು ಕಳೆದವು. ಒಂದು ಹಬ್ಬಕ್ಕೆ ಇಬ್ಬರೂ ಊರಿಗೆ ಬರುತ್ತಾರೆ. ಮನೆ ತುಂಬ ಬಳಗ. ಕೂತು ಮಾತಾಡಲು ಜಾಗವಿಲ್ಲ. ತಪ್ಪಿಸಿಕೊಂಡು ತಿರುಗಲೂ ಜಾಗವಿಲ್ಲ. ಹಬ್ಬ ಮುಗಿಯುವುದರೊಳಗೆ ಮುರಿದದ್ದು ಕೂಡುತ್ತದೆಯೇ? ಅಷ್ಟೇ ಕಥೆ.

ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳು ವರ್ಷ ವರ್ಷ ಕ್ರಿಸ್‌ಮಸ್ ಹೊತ್ತಿಗೆ ರಾಶಿ ರಾಶಿ ಬರುತ್ತವೆ. ರಜೆಯಲ್ಲಿ ಓದಿ ಮುಗಿಸುವ ಪುಸ್ತಕ ಅಂತ ವಿಮರ್ಶಕರು ಪಕ್ಕಕ್ಕಿಡುತ್ತಾರೆ. ನನಗೆ ಹಾಗೆ ಪಕ್ಕಕ್ಕಿಡಲು ಮನಸ್ಸಿಲ್ಲ. ಮುರಿದ ಸಂಬಂಧಕ್ಕೆ ಇನ್ನೊಂದು ಸಲ ಬಾಗಿಲು ತೆರೆಯಬಹುದೇ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಅದೂ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಅದು ಬಹಳ ದೊಡ್ಡ ಪ್ರಶ್ನೆ. ಈ ಕಾದಂಬರಿ ನಮ್ಮ ನೆಲದಲ್ಲಿ ಬೆಳೆಯಬೇಕಾದದ್ದು. ಇನ್ನೂ ಯಾಕೆ ಬೆಳೆದಿಲ್ಲ, ಬೆಳೆದರೆ ಹೇಗಿರಬೇಕು, ಅದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹಬ್ಬದ ಮಾತು.

ನಮ್ಮ ಕಡೆ ದೂರ ಹೋದವರನ್ನು ಊರಿಗೆ ಎಳೆದು ತರುವ ಹಬ್ಬ ಎಳ್ಳಮಾಸಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುತ್ತದೆ. ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುತ್ತದೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ. ಹತ್ತಿ ಬಿಡಿಸುವ ಕೆಲಸ ಇನ್ನೂ ಮುಗಿದಿರುವುದಿಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು, ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು, ನೌಕರಿ ಮೇಲೆ ಹೋದವರು, ಎಲ್ಲರೂ ಈ ದಿನಕ್ಕೆ ಮನಸ್ಸು ಮಾಡುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಆ ದಿಕ್ಕಿನಿಂದ ಕೆಲವರನ್ನು, ಈ ದಿಕ್ಕಿನಿಂದ ಕೆಲವರನ್ನು ಯಾದಗಿರಿ ನಿಲ್ದಾಣದಲ್ಲಿ ಇಳಿಸುತ್ತದೆ. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಭೀಮಾ ನದಿಯ ಸೇತುವೆ ದಾಟಿ ಬಸ್ಸಿನಲ್ಲೇ ಹೋಗಬೇಕು. ಅರ್ಧ ಬಳಗ ಆ ಬಸ್ಸಿನಲ್ಲೇ ಸಿಗುತ್ತದೆ.

ಹಬ್ಬದ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಹೊಲಕ್ಕೆ. ಮೊದಲು ಬಂಡಿ ಕಟ್ಟುತ್ತಿದ್ದರು. ಈಗ ಟ್ರ್ಯಾಕ್ಟರ್. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಸಾಲಾಗಿ ಕೂತು ಊಟ. ಮುಂದೆ ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಭಂಡಾರ ಹಾರಿ ಗುಡ್ಡವೇ ಅರಿಶಿಣವಾಗುತ್ತದೆ. ಕೆಲವು ವರ್ಷ ಎರಡೂ ಹತ್ತಿರ ಹತ್ತಿರ ಬರುತ್ತವೆ. ಹಬ್ಬಕ್ಕೆ ಬಂದವರು ಜಾತ್ರೆ ಮುಗಿಸಿಯೇ ಹೋಗುತ್ತಾರೆ. ಕಾದಂಬರಿಕಾರನಿಗೆ ಇಷ್ಟು ದಿನ ಸಾಕು.

ಹಬ್ಬ ಸಿಕ್ಕಿತು. ದೂರ ಹೋದವರು ಬಂದು ಸೇರುವ ಮನೆಯೂ ಸಿಕ್ಕಿತು. ಇನ್ನು ಆ ಇಬ್ಬರು.

ಬೇರೆ ನಾಡಿನ ಕಾದಂಬರಿಕಾರ ಈ ಇಬ್ಬರನ್ನು ಒಂದೇ ಮನೆಗೆ ತರಲು ಬಹಳ ಕಷ್ಟಪಡುತ್ತಾನೆ. ಹಿಮ ಬಿದ್ದು ದಾರಿ ಮುಚ್ಚಬೇಕು. ವಿಮಾನ ತಪ್ಪಬೇಕು. ಯಾರದೋ ಮದುವೆ ಗೊತ್ತಾಗಬೇಕು. ನಮ್ಮಲ್ಲಿ ಅದರ ಗರಜೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಂಬಂಧಗಳು ಬಳಗದೊಳಗೇ ಕುದುರುತ್ತವೆ. ಸ್ವಾದರಮಾವನ ಮಗ, ಸ್ವಾದರತ್ತಿಯ ಮಗಳು. ಹುಟ್ಟಿದ ಮನೆಯಲ್ಲೇ ಮಾತು ಆಗಿರುತ್ತದೆ. ತೊಟ್ಟಿಲಲ್ಲಿ ಇದ್ದಾಗಲೇ ಹಿರಿಯರು ಇವಳು ಇವನಿಗೆ ಅಂದಿರುತ್ತಾರೆ. ರಕ್ತಸಂಬಂಧದ ಮದುವೆ ಹುಟ್ಟುವ ಮಕ್ಕಳ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ವೈದ್ಯರು ಹೇಳುತ್ತಾರೆ. ಆ ಮಾತನ್ನು ನಾವು ಕೇಳಲೇಬೇಕು. ಆದರೆ ಕಾದಂಬರಿಕಾರ ಇರುವ ಬದುಕನ್ನೂ ನೋಡಬೇಕಲ್ಲ.

ಇಂಥ ಸಂಬಂಧ ಮುರಿದರೆ ಏನಾಗುತ್ತದೆ ಯೋಚಿಸಿ. ಮುರಿಯಲು ಕಾರಣ ಒಂದು ಎಕರೆ ಹೊಲದ ತಗಾದೆ ಇರಬಹುದು. ಒಂದು ತೊಲೆ ಬಂಗಾರದ ಮಾತು ಇರಬಹುದು. ಹುಡುಗ ಪಿಯುಸಿ ಫೇಲಾದದ್ದು ಇರಬಹುದು. ಕಾರಣ ಏನೇ ಇರಲಿ, ಮುರಿದ ಮೇಲೂ ಆ ಇಬ್ಬರು ಬೇರೆ ಬೇರೆ ಲೋಕಕ್ಕೆ ಹೋಗುವುದಿಲ್ಲ. ಅಕ್ಕನ ಕುಬುಸಕ್ಕೆ ಇಬ್ಬರೂ ಬರಬೇಕು. ಮುತ್ಯಾನ ದಿನಕ್ಕೆ ಇಬ್ಬರೂ ಬರಬೇಕು. ಅವಳ ಮದುವೆಯಲ್ಲಿ ಅವನೇ ನಿಂತು ಊಟಕ್ಕೆ ಬಡಿಸಬೇಕು. ಹತ್ತು ವರ್ಷ, ಹದಿನೈದು ವರ್ಷ ಒಬ್ಬರ ಮುಂದೆ ಒಬ್ಬರು ತಲೆತಗ್ಗಿಸಿ ದಾಟಿಹೋಗಬೇಕು. ಮರೆಯಲು ಬೇಕಾದ ದೂರವೇ ಅವರಿಗೆ ಸಿಗುವುದಿಲ್ಲ.

ಈ ನೋವನ್ನು ನಾನು ನಮ್ಮ ಭಾಗದ ಅನೇಕ ಮುಖಗಳಲ್ಲಿ ಕಂಡಿದ್ದೇನೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದ ನೋವಿಗೆ ಕಾದಂಬರಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಹಾಗಾದರೆ ಹಬ್ಬವೂ ಇದೆ, ಬಳಗವೂ ಇದೆ, ಮುರಿದ ಮಾತೂ ಇದೆ. ಇದನ್ನು ಬೇರೆಯವರು ಹೇಗೆ ಬರೆದಿದ್ದಾರೆ, ಒಮ್ಮೆ ನೋಡಿ ಬರೋಣ.

ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಗಳ ಮೊದಲ ಸಾಲಿನಲ್ಲಿ ನಿಲ್ಲುವುದು ಜೇನ್ ಆಸ್ಟಿನ್ ಅವರ ‘ಪರ್ಸುಯೇಷನ್’. ಅವರು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಅಚ್ಚಾಯಿತು. ಆನ್ ಎಂಬ ಹುಡುಗಿ. ಹತ್ತೊಂಬತ್ತರ ಹರೆಯದಲ್ಲಿ ಹಡಗಿನ ಅಧಿಕಾರಿಯೊಬ್ಬನನ್ನು ಒಪ್ಪಿದ್ದಳು. ಅವನಿಗೆ ಆಸ್ತಿ ಇಲ್ಲ, ಮುಂದಿನ ಗತಿ ಗೊತ್ತಿಲ್ಲ. ತಾಯಿಯ ಹಾಗಿದ್ದ ಹಿರಿಯಳೊಬ್ಬಳು ಬೇಡ ಎಂದಳು. ಆನ್ ಒಲ್ಲೆನೆಂದುಬಿಟ್ಟಳು. ಎಂಟು ವರ್ಷ ಕಳೆದ ಮೇಲೆ ಅವನು ಹಣ, ಹೆಸರು ಎರಡನ್ನೂ ಮಾಡಿಕೊಂಡು ಬರುತ್ತಾನೆ. ಎಲ್ಲಿಗೆ? ಅವಳ ತಂಗಿಯ ಗಂಡನ ಮನೆಗೆ, ಅವಳದೇ ಬಳಗದ ನಡುವೆ. ಅಲ್ಲೇ ಊಟ, ಅಲ್ಲೇ ತಿರುಗಾಟ, ಎಲ್ಲರೂ ಸೇರಿ ಸಮುದ್ರದ ದಂಡೆಗೆ ಹೋಗುವುದು. ಕೊನೆಗೆ ಜನ ತುಂಬಿದ ಕೋಣೆಯಲ್ಲಿ ಕೂತೇ ಅವನು ಒಂದು ಕಾಗದ ಬರೆದು ಅವಳ ಮುಂದಿಟ್ಟು ಹೋಗುತ್ತಾನೆ.

ಆಸ್ಟಿನ್ ಒಂದು ವಿಷಯವನ್ನು ಬಹಳ ಸರಿಯಾಗಿ ಕಂಡಿದ್ದರು. ಗಾಯ ಆದದ್ದು ಬಳಗದಿಂದ. ವಾಸಿಯಾಗುವುದೂ ಬಳಗದ ನಡುವೆಯೇ ಆಗಬೇಕು. ಇಬ್ಬರೂ ಎಲ್ಲಿಗೋ ಓಡಿಹೋಗಿ ಕೂಡಿದರೆ ಅದು ಬೇರೆ ಕಥೆ. ಮುರಿದವರ ಕಣ್ಣೆದುರಿಗೇ ಕೂಡುವುದು ಇನ್ನೊಂದು ಕಥೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರ ಕೆಲಸ ಇದೆ.

ಈಗ ಸುರಪುರಕ್ಕೆ ಬರೋಣ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಅಲ್ಲಿದ್ದವರು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಹದಿನೈದರ ಹುಡುಗನಾಗಿ ಭಾರತಕ್ಕೆ ಬಂದು ನಿಜಾಮರ ಸೇನೆ ಸೇರಿದರು. 1840ರ ದಶಕದ ಆರಂಭದಿಂದ 1853ರವರೆಗೆ, ಹೆಚ್ಚುಕಡಿಮೆ ಹನ್ನೆರಡು ವರ್ಷ, ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ರಾಜಾ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ. ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಪ್ರಾಣ ಕೊಟ್ಟ ಆ ನಾಯಕ, ಟೇಲರರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಇಷ್ಟು ಚರಿತ್ರೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ.

ಅವರು ಕಾದಂಬರಿಕಾರರೂ ಹೌದು. ನಮ್ಮ ಮಾತಿಗೆ ಬೇಕಾದದ್ದು ಅದು.

ಅವರ ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’. ಚಾಂದಬೀಬಿಯ ಕಾಲದ ಕಥೆ. 1876ರಲ್ಲಿ ಅವರು ತೀರಿದರು. ಎರಡು ವರ್ಷದ ಮೇಲೆ ಪುಸ್ತಕವಾಗಿ ಬಂತು. ಈ ಕಾದಂಬರಿಯ ನೆಲ ನಮ್ಮದು. ನಾರಾಯಣಪುರದ ಹತ್ತಿರ ಛಾಯಾ ಭಗವತಿಯಲ್ಲಿ ಕೃಷ್ಣೆ ಬಂಡೆಗಳ ಮೇಲಿಂದ ಇಳಿಯುತ್ತದಲ್ಲ, ಆ ಸದ್ದು ಅದರಲ್ಲಿದೆ. ನದಿಯ ಎರಡು ಕವಲಿನ ನಡುವೆ ನಿಂತ ಜಲದುರ್ಗದ ಕೋಟೆ ಇದೆ. ಬೇಡರ ನಾಯಕರು ಇದ್ದಾರೆ. ಬಿಜಾಪುರದ ತರುಣ ಸರದಾರ ಅಬ್ಬಾಸ್ ಖಾನ್ ಗಾಯಗೊಂಡು ಜಲದುರ್ಗಕ್ಕೆ ಬರುತ್ತಾನೆ. ಕುರುಡ ಅಜ್ಜನ ಜೊತೆ ಇರುವ ಜೊಹ್ರಾ ಎಂಬ ಹುಡುಗಿ ಅಲ್ಲಿದ್ದಾಳೆ. ಇಬ್ಬರಿಗೂ ಮನಸ್ಸಾಗುತ್ತದೆ. ಅವನು ಹೋಗಬೇಕಾಗುತ್ತದೆ. ಕೋಟೆಯ ಅಧಿಕಾರಿ ಅವಳ ಬೆನ್ನು ಬೀಳುತ್ತಾನೆ. ಬೇಡರ ನೆರವಿನಿಂದ ಅವಳು ಪಾರಾಗುತ್ತಾಳೆ. ಬಹಳ ಅಲೆದ ಮೇಲೆ ಇಬ್ಬರೂ ಮತ್ತೆ ಸೇರುತ್ತಾರೆ.

ಅದಕ್ಕೂ ಮೊದಲು, 1863ರಲ್ಲಿ, ಅವರು ‘ತಾರಾ’ ಬರೆದರು. ಇದು ತುಳಜಾಪುರದ ಕಥೆ. ತಾರಾ ಶಾಸ್ತ್ರಿಗಳ ಮಗಳು. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಇನ್ನೊಂದು ಬದುಕು ಸಿಗುವುದು ಅಫ್ಜಲ್ ಖಾನನ ಮಗನ ಮನೆಯಲ್ಲಿ. ಗಂಡ ಸತ್ತ ಹುಡುಗಿಗೂ ಒಲವು ಹುಟ್ಟುತ್ತದೆ, ಅವಳನ್ನೂ ಕಥೆಯ ನಾಯಕಿ ಮಾಡಬಹುದು ಎಂದು ಟೇಲರ್ ಆ ಕಾಲಕ್ಕೇ ಕಂಡಿದ್ದರು. ಇದಕ್ಕಾಗಿ ನನಗೆ ಅವರ ಮೇಲೆ ಗೌರವ ಇದೆ. ಆದರೂ ಒಂದು ಕೊರತೆ ಹೇಳಲೇಬೇಕು. ಅವರ ಕಾದಂಬರಿಗಳಲ್ಲಿ ಇಬ್ಬರನ್ನು ಮತ್ತೆ ಕೂಡಿಸುವುದು ಯುದ್ಧ, ಕೋಟೆ, ಕುದುರೆ, ದೈವ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅತ್ತಿ, ವೈನಿ, ಅವ್ವ ಆಡುವ ಮಾತಿಗೆ ಅಲ್ಲಿ ಅಷ್ಟು ತೂಕವಿಲ್ಲ. ಮತ್ತೊಂದು. ತಾರಾ ತನ್ನ ಎರಡನೆಯ ಬದುಕು ಪಡೆಯಲು ಹುಟ್ಟಿದ ಮನೆಯನ್ನೇ ದಾಟಿ ಹೋಗಬೇಕಾಯಿತು.

ಈ ಕೊನೆಯ ಮಾತಿನ ಎಳೆ ಹಿಡಿದು ಕನ್ನಡದ ಕಾದಂಬರಿಗಳಿಗೆ ಹೋಗೋಣ. ಆಸ್ಟಿನ್ ಅವರ ಆನ್ ಬಳಗದೊಳಗೇ ಉಳಿದಳು. ಟೇಲರರ ತಾರಾ ಮನೆ ದಾಟಿದಳು. ನಮ್ಮ ಹೆಣ್ಣುಮಕ್ಕಳು ಏನು ಮಾಡಿದರು?

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿರಾ ಬಾಲವಿಧವೆ. ಹೆತ್ತವರ ಮನೆಯಲ್ಲಿ ಮಡಿಯ ಹೆಸರಿನಲ್ಲಿ ನಡೆಯುವ ಅನಾಚಾರ ನೋಡಲಾರದೆ ಹೊರಬೀಳುತ್ತಾಳೆ. ಒಳ್ಳೆಯವರ ಮನೆಯಲ್ಲಿ ಆಸರೆ ಸಿಗುತ್ತದೆ. ಓದು ಕಲಿಯುತ್ತಾಳೆ. ಕೊನೆಗೆ ಭಾಸ್ಕರನ ಕೈ ಹಿಡಿಯುತ್ತಾಳೆ. ನೋಡಿ, ನಮ್ಮ ಸಾಮಾಜಿಕ ಕಾದಂಬರಿ ಹುಟ್ಟಿದ್ದೇ ಎರಡನೆಯ ಬದುಕಿನ ಕಥೆಯಾಗಿ. ವಿಧವಾ ವಿವಾಹದ ಕಾಯಿದೆ ಬ್ರಿಟಿಷ್ ಭಾರತದಲ್ಲಿ 1856ರಲ್ಲೇ ಬಂದಿತ್ತು. ನಲವತ್ತು ವರ್ಷ ದಾಟಿದರೂ ಆ ಹುಡುಗಿ ಮನೆ ಬಿಟ್ಟೇ ಅದನ್ನು ಪಡೆಯಬೇಕಾಯಿತು.

ಭೈರಪ್ಪನವರ ‘ವಂಶವೃಕ್ಷ’ ಬಂದದ್ದು 1965ರಲ್ಲಿ. ಅಲ್ಲಿಯ ಕಾತ್ಯಾಯನಿ ಶ್ರೋತ್ರಿಯರ ಮನೆಯ ವಿಧವೆ ಸೊಸೆ. ಅವಳೂ ಮತ್ತೆ ಮದುವೆಯಾಗುತ್ತಾಳೆ. ಅದಕ್ಕೆ ಮನೆ ಬಿಡಬೇಕು, ಮಗನನ್ನೂ ಬಿಡಬೇಕು. ಅವಳ ಮುಂದಿನ ಕಥೆ ನಿಮಗೆ ಗೊತ್ತು. ಅದನ್ನು ಓದಿದವರು ಸುಲಭವಾಗಿ ಮರೆಯುವುದಿಲ್ಲ.

ಇವೆರಡರಲ್ಲಿ ಎರಡನೆಯ ಸಲ ಬರುವವನು ಹೊಸಬ. ಮೊದಲು ಬಿಟ್ಟುಹೋದವನೇ ತಿರುಗಿ ಬಂದು ಕೇಳುವ ಕಥೆ ಯಾವುದು? ಅದು ತ್ರಿವೇಣಿಯವರ ‘ಬೆಳ್ಳಿ ಮೋಡ’. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ತ್ರಿವೇಣಿ ಅಂದರೆ ಮೈಸೂರಿನ ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿದರು, 1963ರಲ್ಲಿ ತೀರಿದರು. ಮೂವತ್ತೈದರ ಆಸುಪಾಸಿನ ಬದುಕು. ಅಷ್ಟರಲ್ಲೇ ಸುಮಾರು 20 ಕಾದಂಬರಿ ಬರೆದರು. ‘ಬೆಳ್ಳಿ ಮೋಡ’ 1967ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು. ಕಲ್ಪನಾ ಅವರನ್ನು ನಾಯಕಿಯ ಪಾತ್ರದಲ್ಲಿ ಕಂಡವರು ನಮ್ಮ ಊರುಗಳಲ್ಲಿ ಇವತ್ತಿಗೂ ಇದ್ದಾರೆ.

ಈ ಕಥೆಯ ನಾಯಕಿಯೂ ಇಂದಿರಾ. ತೋಟದ ಮನೆಯ ಒಬ್ಬಳೇ ಮಗಳು. ಮೋಹನನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿದೆ. ಅಷ್ಟರಲ್ಲಿ ಅವಳ ತಾಯಿ ಬಸಿರಾಗಿ ಗಂಡು ಮಗುವನ್ನು ಹೆರುತ್ತಾರೆ. ಆಸ್ತಿಗೆ ವಾರಸುದಾರ ಹುಟ್ಟಿದ. ಮೋಹನನ ಮನಸ್ಸು ಬದಲಾಗುತ್ತದೆ. ಮದುವೆ ಬೇಡ ಅನ್ನುತ್ತಾನೆ. ಅವನು ಒಲಿದದ್ದು ಹುಡುಗಿಗಲ್ಲ, ತೋಟಕ್ಕೆ ಎಂಬುದು ಆಗ ತಿಳಿಯುತ್ತದೆ. ಮುಂದೆ ಅವನಿಗೆ ಅಪಘಾತವಾಗಿ ಅದೇ ಮನೆಯಲ್ಲಿ ಮಲಗಬೇಕಾಗುತ್ತದೆ. ಇಂದಿರಾ ಆರೈಕೆ ಮಾಡುತ್ತಾಳೆ. ಅವನಿಗೆ ಈಗ ನಿಜವಾಗಿಯೂ ಅವಳ ಬೆಲೆ ಗೊತ್ತಾಗುತ್ತದೆ. ಮದುವೆಯಾಗೋಣ ಎಂದು ಕೇಳುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ.

ಕೇಳುಗರೆ, ಆ ಒಲ್ಲೆ ಕನ್ನಡ ಕಾದಂಬರಿಯ ಬಹಳ ದೊಡ್ಡ ಮಾತು ಎಂದು ನಾನು ನಂಬಿದ್ದೇನೆ. ಅವಳಲ್ಲಿ ದ್ವೇಷ ಇದ್ದಿದ್ದರೆ ಆರೈಕೆ ಮಾಡುತ್ತಿರಲಿಲ್ಲ. ಕರುಣೆ ಬೇರೆ, ಒಲವು ಬೇರೆ ಎನ್ನುವುದು ಅವಳಿಗೆ ತಿಳಿದಿತ್ತು. ತಪ್ಪು ಮಾಡಿದವನು ಬದಲಾದ. ಅವನು ಬದಲಾದ ಮಾತ್ರಕ್ಕೆ ಅವಳು ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ. ಹಬ್ಬದ ಹೊತ್ತಿನ ಇಂಗ್ಲಿಷ್ ಕಾದಂಬರಿಗಳಲ್ಲಿ ಅವಳು ಕೊನೆಗೆ ಹೂಂ ಅನ್ನುತ್ತಾಳೆ ಎಂದು ಮೊದಲ ಪುಟಕ್ಕೇ ಗೊತ್ತಿರುತ್ತದೆ. ತ್ರಿವೇಣಿ ಓದಿದವರಿಗೆ ಹಾಗೆ ಗೊತ್ತಿರುವುದಿಲ್ಲ. ಒಲ್ಲೆ ಅನ್ನುವ ದಾರಿ ನಿಜವಾಗಿ ತೆರೆದಿದ್ದರೆ ಮಾತ್ರ ಹೂಂ ಅನ್ನುವುದಕ್ಕೆ ಬೆಲೆ. ನಮ್ಮ ಭಾಗದಲ್ಲಿ ಬರೆಯುವವರು ಇದನ್ನು ತ್ರಿವೇಣಿಯವರಿಂದ ಕಲಿಯಬೇಕು.

ಇಲ್ಲಿಯವರೆಗೆ ಏನು ಕಂಡೆವು? ಒಬ್ಬಳು ಮನೆ ಬಿಟ್ಟು ಎರಡನೆಯ ಬದುಕು ಪಡೆದಳು. ಇನ್ನೊಬ್ಬಳು ಮನೆ, ಮಗ ಎರಡೂ ಬಿಟ್ಟಳು. ಮತ್ತೊಬ್ಬಳು ಮನೆಯಲ್ಲೇ ಉಳಿದಳು, ಆದರೆ ಬಂದವನನ್ನು ಒಪ್ಪಲಿಲ್ಲ. ಮನೆಯೊಳಗೇ ಉಳಿದು, ತನ್ನದೇ ಮಾತಿನಿಂದ, ಎಲ್ಲರ ಮುಂದೆ ಹೂಂ ಅಂದವಳು ಈ ಸಾಲಿನಲ್ಲಿ ಇಲ್ಲ.

ಇಲ್ಲಿ ಯಾರಾದರೂ ಕೇಳಬಹುದು. ಇವೆಲ್ಲ ಮೈಸೂರು, ಮಂಗಳೂರು ಕಡೆಯ ಕಥೆ. ಅದೂ ಮೇಲ್ಜಾತಿ ಮನೆಗಳ ಕಥೆ. ನಮ್ಮಲ್ಲಿ ಉಡಿಕಿ ಇದೆಯಲ್ಲ?

ಸರಿಯಾದ ಪ್ರಶ್ನೆ. ನನ್ನ ಮಾತಿನ ಒಳಗಂಟು ಇರುವುದು ಇಲ್ಲಿಯೇ.

ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳು, ಗಂಡನಿಂದ ಬೇರೆಯಾದವಳು ಮತ್ತೆ ಮದುವೆಯಾಗುವ ರೂಢಿ ಹಿಂದಿನಿಂದ ಇದೆ. ಅದಕ್ಕೆ ಉಡಿಕಿ ಅನ್ನುತ್ತಾರೆ. ಸೀರೆ ಉಡಿಸುತ್ತಾರೆ, ಬಳೆ ಇಡಿಸುತ್ತಾರೆ, ಹಿರಿಯರು ನಾಲ್ಕು ಮಂದಿ ಕೂತು ಒಪ್ಪುತ್ತಾರೆ. ಕಾಯಿದೆ ಬರುವ ಎಷ್ಟೋ ಮೊದಲೇ ನಮ್ಮ ಹಳ್ಳಿಗಳು ಹೆಣ್ಣಿಗೆ ಎರಡನೆಯ ಬದುಕು ಕೊಟ್ಟಿದ್ದವು. ಇದು ನಮ್ಮ ಹಿರಿಯರ ದೊಡ್ಡತನ. ಈ ದೊಡ್ಡತನದ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಬರೆದದ್ದು ಸಾಲದು.

ಆದರೆ ಉಡಿಕಿ ಹೇಗೆ ಆಗುತ್ತಿತ್ತು? ಹಲವು ಕಡೆ ರಾತ್ರಿ ಹೊತ್ತು. ಹಂದರವಿಲ್ಲ, ಬಾಜಾ ಇಲ್ಲ, ಅಕ್ಕಿಕಾಳಿಗೆ ಊರು ಸೇರುವುದಿಲ್ಲ. ಮುತ್ತೈದೆಯರು ಎದುರಿಗೆ ಬರುತ್ತಿರಲಿಲ್ಲ. ಉಡಿಕಿಯಾದವಳಿಗೆ ಮುಂದೆ ಕೆಲವು ಮಂಗಳಕಾರ್ಯಗಳಲ್ಲಿ ಮೊದಲ ಮದುವೆಯವಳಿಗೆ ಇರುವ ಸ್ಥಾನ ಸಿಗುತ್ತಿರಲಿಲ್ಲ. ಮೊದಲ ಗಂಡನ ಮಕ್ಕಳು ಎಷ್ಟೋ ಸಲ ಅವನ ಮನೆಯಲ್ಲೇ ಉಳಿಯುತ್ತಿದ್ದರು. ಕಾಲ ಬದಲಾಗಿದೆ. ಈಗ ದೇವಸ್ಥಾನದಲ್ಲಿ, ನೋಂದಣಿ ಕಚೇರಿಯಲ್ಲಿ ಹಗಲು ಹೊತ್ತಿನಲ್ಲೇ ಇಂಥ ಮದುವೆ ಆಗುತ್ತವೆ. ಹಳೆಯ ಸಂಕೋಚ ಮಾತ್ರ ಅನೇಕ ಮನೆಗಳಲ್ಲಿ ಹಾಗೇ ಇದೆ.

ಇನ್ನೊಂದು ಸಂಗತಿ. ಇದನ್ನು ಹೇಳುವಾಗ ನನ್ನ ಮನಸ್ಸು ಭಾರವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಆದರೂ ನಡೆದಿದೆ. ಆ ಮೊದಲ ಮದುವೆಯಲ್ಲಿ ಆ ಹುಡುಗಿಯ ಮಾತು ಯಾರೂ ಕೇಳಿರಲಿಲ್ಲ. ಅವಳು ಏಳನೆಯ ಇಯತ್ತೆಯ ಪುಸ್ತಕ ಮಡಚಿಟ್ಟು ಬಾಸಿಂಗ ಕಟ್ಟಿಸಿಕೊಂಡಿದ್ದಳು. ಇಪ್ಪತ್ತಕ್ಕೆ ಗಂಡ ಇಲ್ಲ, ಅಥವಾ ಇದ್ದೂ ಇಲ್ಲ. ಅಂಥವಳ ಬದುಕಿನಲ್ಲಿ ಬರುವ ಎರಡನೆಯ ಒಲವು ಲೆಕ್ಕಕ್ಕೆ ಎರಡನೆಯದು. ಅವಳಾಗಿಯೇ ಆರಿಸಿಕೊಳ್ಳುವುದು ಅದೇ ಮೊದಲು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಕೂತು ಬರೆಯುವವರಿಗೆ ಇದು ಹೊಳೆಯಲಿಕ್ಕಿಲ್ಲ. ನಮಗೆ ಗೊತ್ತು.

ಆದ್ದರಿಂದ ನಮ್ಮ ಎಳ್ಳಮಾಸಿಯ ಕಾದಂಬರಿ ಹೇಗಿರಬೇಕು? ನಾನು ಕಂಡ ಹಾಗೆ ಹೇಳುತ್ತೇನೆ. ಉಡಿಕಿಯ ರಾತ್ರಿ, ಬೆಳ್ಳಿ ಮೋಡದ ಒಲ್ಲೆ, ಆಸ್ಟಿನ್ ಅವರ ಬಳಗ, ಈ ಮೂರೂ ಮನಸ್ಸಿನಲ್ಲಿರಲಿ.

ಶಹಾಪುರದ ಹತ್ತಿರ ಒಂದು ಹಳ್ಳಿ ಎನ್ನಿ. ಮಲಗಿದ ಬುದ್ಧನ ಹಾಗೆ ಕಾಣುವ ಆ ಗುಡ್ಡದ ಸಾಲು ದೂರದಲ್ಲಿ ಚಾಚಿಕೊಂಡಿದೆ. ಕಾಲುವೆ ನೀರು ಬಂದ ಮೇಲೆ ಅರ್ಧ ಹೊಲ ಭತ್ತದ ಗದ್ದೆಯಾಗಿದೆ. ಉಳಿದರ್ಧದಲ್ಲಿ ಜೋಳ ಇದೆ. ಅಣ್ಣತಮ್ಮಂದಿರ ದೊಡ್ಡ ಮನೆ. ಅವಳು ಆ ಮನೆಯ ಮಗಳು. ಗಂಡ ಇಲ್ಲ. ಎಂಟು ವರ್ಷದ ಮಗಳಿದ್ದಾಳೆ. ಅಂಗನವಾಡಿಯಲ್ಲಿ ಕೆಲಸ. ಸ್ವಂತ ಸಂಬಳ, ಸ್ವಂತ ಖಾತೆ. ಇದು ಕಥೆಗೆ ಬಹಳ ಮುಖ್ಯ. ಕೈಯಲ್ಲಿ ನಾಲ್ಕು ಕಾಸು ಇದ್ದವಳ ಹೂಂ ಬೇರೆ, ಇಲ್ಲದವಳ ಹೂಂ ಬೇರೆ. ಅವನು ಸ್ವಾದರತ್ತಿಯ ಮಗ. ಒಂದು ಕಾಲಕ್ಕೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಹೊಲದ ಬದುವಿನ ಜಗಳದಲ್ಲಿ ಹಿರಿಯರು ಮಾತು ಮುರಿದರು. ಅವನು ಬಾಯಿ ತೆರೆಯಲಿಲ್ಲ. ಬೆಂಗಳೂರಿಗೆ ಹೋಗಿಬಿಟ್ಟ. ಅವನ ತಪ್ಪು ಅದೇ, ಬಾಯಿ ತೆರೆಯದಿದ್ದದ್ದು. ಈಗ ಹಬ್ಬಕ್ಕೆ ಬಂದಿದ್ದಾನೆ.

ಮೊದಲ ಸಲ ಎದುರಾಗುವುದು ಅಡುಗೆಮನೆಯಲ್ಲಿ. ಸುತ್ತ ಐದಾರು ಹೆಂಗಸರು. ರೊಟ್ಟಿ ಬಡಿಯುವ ಸದ್ದು. ಅವನು ನೀರು ಕೇಳಲು ಬಂದಿದ್ದಾನೆ.

“ಯಾವಾಗ ಬಂದ್ರಿ?”

“ರಾತ್ರಿ. ಗಾಡಿ ತಡಾ ಆತು.”

“ಅತ್ತಿ ಆರಾಮ ಅದಾರೇನು?”

“ಹೂಂ, ಆರಾಮ.”

ಅಷ್ಟೇ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಎಲ್ಲ ಹೆಂಗಸರಿಗೂ ಎಲ್ಲ ಗೊತ್ತು. ಒಳ್ಳೆಯ ಕಾದಂಬರಿಕಾರ ಇಲ್ಲಿ ಇನ್ನೊಂದು ಸಾಲು ಸೇರಿಸುವುದಿಲ್ಲ. ಹಬ್ಬದ ದಿನ ಹೊಲದಲ್ಲಿ ಎಲ್ಲರೂ ಉಂಡು ಎದ್ದ ಮೇಲೆ, ಬುಟ್ಟಿ ಕಟ್ಟುತ್ತಾ ಅವಳೇ ಕೇಳುತ್ತಾಳೆ:

“ಉಂಡಿಯೇನು?”

ಅವಳ ಮಗಳು ತಲೆ ಎತ್ತಿ ತಾಯಿಯನ್ನು ನೋಡುತ್ತಾಳೆ. ನಮ್ಮ ಕೇಳುಗರಿಗೆ ನಾನು ಇದರ ಮೇಲೆ ಏನೂ ಹೇಳಬೇಕಾಗಿಲ್ಲ.

ಆಮೇಲೆ ಅವನು ಏನು ಮಾಡಬೇಕು? ನನ್ನ ಮಟ್ಟಿಗೆ ಕಾದಂಬರಿ ನಿಂತಿರುವುದು ಇದರ ಮೇಲೆ. ಜಾತ್ರೆಯ ಗದ್ದಲದಲ್ಲಿ ಕೈ ಹಿಡಿದು ಎಳೆದರೆ ಅದು ಸಿನಿಮಾ. ರಾತ್ರಿ ಹಿತ್ತಲಲ್ಲಿ ಗುಟ್ಟಾಗಿ ಕೇಳಿದರೆ ಅದು ಮತ್ತೆ ಅದೇ ಹಳೆಯ ರಾತ್ರಿ. ಮೊದಲ ಸಲ ಅವನು ಬಾಯಿ ತೆರೆಯದೆ ಹೋದದ್ದು ಪಡಸಾಲೆಯಲ್ಲಿ, ಹಿರಿಯರ ಮುಂದೆ. ಈಗ ಅದೇ ಪಡಸಾಲೆಯಲ್ಲಿ, ಅದೇ ಹಿರಿಯರ ಮುಂದೆ, ಹಗಲು ಹೊತ್ತಿನಲ್ಲಿ ಅವನು ಮಾತಾಡಬೇಕು. ಅದಕ್ಕೂ ಮೊದಲು ಅವಳನ್ನು ಕೇಳಿರಬೇಕು. ಅವಳು ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಲಿ. ಒಲ್ಲೆ ಎನ್ನಬಹುದಾದ ದಾರಿ ಕೊನೆಯ ಅಧ್ಯಾಯದವರೆಗೂ ತೆರೆದಿರಲಿ.

ಹಿರಿಯರನ್ನು ಖಳರನ್ನಾಗಿ ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಮಾತು ಮುರಿದ ಕಾಕಾನಿಗೂ ಒಂದು ಅಧ್ಯಾಯ ಕೊಡಿ. ಅವನಿಗೆ ಆ ಬದು ಯಾಕೆ ಅಷ್ಟು ದೊಡ್ಡದಾಗಿತ್ತು? ಮಳೆ ಕೈಕೊಟ್ಟ ವರ್ಷ ಅದು. ಎರಡು ಗುಂಟೆ ಅಂದರೂ ಆಗ ಒಂದಿಷ್ಟು ಜೋಳ. ಅದನ್ನೂ ಬರೆಯಿರಿ. ಹುಡುಗಿಯ ಅವ್ವನಿಗೆ ಇನ್ನೂ ದೊಡ್ಡ ಅಧ್ಯಾಯ ಇರಲಿ. ಮಗಳಿಗೆ ಮತ್ತೆ ಬದುಕು ಸಿಗಲಿ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತವಳೂ ಅವಳೇ, ಊರು ಏನಂದೀತು ಎಂದು ಅಂಜುವವಳೂ ಅವಳೇ. ಮೊಮ್ಮಗಳಿಗೂ ಮಾತು ಬೇಕು. ಎಂಟು ವರ್ಷದ ಹುಡುಗಿಗೆ ಎಲ್ಲ ತಿಳಿಯುತ್ತದೆ. ಅವಳನ್ನು ಯಾರ ಮನೆಯಲ್ಲಿ ಬಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮದುವೆ ಮಾಡಿಸುವ ಕಾದಂಬರಿಯನ್ನು ನಾನು ಒಪ್ಪಲಾರೆ. ಕಾತ್ಯಾಯನಿಯ ನೋವು ಇನ್ನೊಮ್ಮೆ ಆಗಬಾರದು.

ಭಾಷೆಯ ಬಗ್ಗೆ ಒಂದು ಮಾತು ಸಾಕು. ಪಾತ್ರಗಳು ನಮ್ಮ ಭಾಗದ ಮಾತನ್ನೇ ಆಡಲಿ. ಉರ್ದು, ತೆಲುಗು ಸೇರಿ ಹದವಾದ ಮಾತು ಅದು. ಅದರಲ್ಲಿ ಒಲವಿನ ದೊಡ್ಡ ದೊಡ್ಡ ಪದಗಳು ಕಡಿಮೆ. ಆದರೆ ರೊಟ್ಟಿಯ ಮೇಲೆ ಇನ್ನೊಂದು ಚಮಚ ಶೇಂಗಾ ಹಿಂಡಿ ಹಾಕುವುದು ಇದೆ. ಬಸ್ಸು ತಿರುವು ದಾಟುವವರೆಗೂ ಅಗಸಿಯಲ್ಲಿ ನಿಲ್ಲುವುದು ಇದೆ.

ಸುರಪುರದ, ಶಹಾಪುರದ, ಯಾದಗಿರಿಯ ಕಾಲೇಜುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳು ಈ ಮಾತು ಕೇಳುತ್ತಿದ್ದರೆ, ನಿಮಗೇ ಹೇಳುತ್ತಿದ್ದೇನೆ. ಇದನ್ನು ನೀವು ಬರೆಯಬೇಕು. ಅಡುಗೆಮನೆಯ ಆ ಕ್ಷಣದ ಸದ್ದು ನಿಮಗೆ ಗೊತ್ತಿದೆ. ನಿಮ್ಮ ಆಯಿಯನ್ನು, ಚಿಕ್ಕವ್ವನನ್ನು ಕೂರಿಸಿಕೊಂಡು ಕೇಳಿ. ಅವರ ಕಾಲದ ಉಡಿಕಿಗಳ ಕಥೆ ಕೇಳಿ. ಹೆಸರು, ಊರು ಬದಲಿಸಿ ಬರೆಯಿರಿ. ಯಾರ ಮನೆಯ ನೋವೂ ಬೀದಿಗೆ ಬರಬಾರದು. ದೀಪಾವಳಿ ವಿಶೇಷಾಂಕಗಳಿಗೆ ಮೊದಲು ಒಂದು ಕಥೆಯಾಗಿ ಕಳಿಸಿ. ಬೆಳೆದರೆ ಕಾದಂಬರಿಯಾಗಲಿ.

ಇನ್ನು ಕಾದಂಬರಿ ಎಲ್ಲಿ ಮುಗಿಯಬೇಕು ಎಂಬುದೊಂದು ಉಳಿಯಿತು. ಮದುವೆಯ ದಿನಕ್ಕೆ ಮುಗಿಸಬೇಡಿ. ಅವಳು ಒಪ್ಪಿದಳು ಎಂದಾದರೆ, ಇನ್ನೊಂದು ಹಬ್ಬದವರೆಗೆ ಕಥೆ ನಡೆಯಲಿ. ಎಳ್ಳಮಾಸಿ ಆದ ಏಳು ತಿಂಗಳಿಗೆ ನಾಗರಪಂಚಮಿ ಬರುತ್ತದೆ. ಮದುವೆಯಾದ ಹೆಣ್ಣುಮಕ್ಕಳನ್ನು ಕರೆಯಲು ತವರಿನಿಂದ ಅಣ್ಣನೋ ತಮ್ಮನೋ ಹೋಗುತ್ತಾರೆ. ಮೊದಲ ಮದುವೆಯಾದಾಗ ಅವಳನ್ನು ಕರೆಯಲು ಹೋಗಿದ್ದರು. ಈ ಎರಡನೆಯ ಮದುವೆಗೂ ಹೋಗುತ್ತಾರೆಯೇ? ಹಗಲು ಹೊತ್ತಿನಲ್ಲಿ, ಊರ ಮುಂದಿನ ದಾರಿಯಲ್ಲೇ ಕರೆದು ತರುತ್ತಾರೆಯೇ? ಮಗಳಿಗೂ ಜೋಕಾಲಿ ಕಟ್ಟುತ್ತಾರೆಯೇ? ಮಾತು ಮುರಿದಿದ್ದ ಆ ಕಾಕಾನನ್ನೇ ಕರೆಯಲು ಕಳಿಸುವ ಧೈರ್ಯ ಬರೆಯುವವರಿಗೆ ಬಂದರೆ, ಕೊನೆಯ ಅಧ್ಯಾಯವನ್ನು ಅವನು ಶಹಾಪುರದ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತುವಲ್ಲಿಂದ ಶುರುಮಾಡಬಹುದು.